ಗಳದ ಮೇಲಿನ ರೇಷ್ಮೆ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೋಟೆ, ಗುಡಿ, ಶಾಸನ, ವೀರಗಲ್ಲು. ಕೊಪ್ಪಳ ಸೀಮೆಯ ಮಟ್ಟಿಗೆ ಈ ಸಂಪತ್ತಿಗೇನೂ ಕೊರತೆಯಿಲ್ಲ. ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. 1112ರಲ್ಲಿ ಎದ್ದ ಇಟಗಿಯ ಮಹಾದೇವ ದೇವಾಲಯವಿದೆ. ತುಂಗಭದ್ರೆಯ ದಡದಲ್ಲಿ ಆನೆಗೊಂದಿಯಿದೆ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನೆಲೆಯನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಇಂಥ ನೆಲದಲ್ಲಿ ಹುಟ್ಟಿ, ಮೂವತ್ತು ವರ್ಷಕ್ಕೂ ಮಿಕ್ಕಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದ ನಾನು ಇಂದು ಮಾತಾಡಹೊರಟಿರುವುದು ಒಂದು ಬಿದಿರು ಗಳದ ಬಗೆಗೆ, ಅದರ ಮೇಲೆ ಆರುತ್ತಿದ್ದ ರೇಷ್ಮೆಯ ಬಗೆಗೆ. ಕೇಳುಗರು ದಯಮಾಡಿ ನಗಬಾರದು. ಬಟ್ಟೆ ಒಣಗಿಸುವುದೂ ಒಂದು ವಿದ್ಯೆ; ಆ ವಿದ್ಯೆಗೂ ಒಂದು ಇತಿಹಾಸವಿದೆ; ಆ ಇತಿಹಾಸದಲ್ಲಿ ಹೆಮ್ಮೆಪಡತಕ್ಕದ್ದೂ ತಲೆತಗ್ಗಿಸತಕ್ಕದ್ದೂ ಎರಡೂ ಇವೆ.

ನಮ್ಮದು ಯಲಬುರ್ಗಾದ ಕಡೆಯ ಮಣ್ಣಿನ ಮಾಳಿಗೆಯ ಮನೆ. ಪಡಸಾಲೆ ದಾಟಿ ಒಳಗೆ ಹೋದರೆ ನಡುಮನೆ. ಹಾಡಹಗಲಿನಲ್ಲಿಯೂ ಅಲ್ಲಿ ಮಬ್ಬು. ಮೇಲಿನ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ. ಆ ನಡುಮನೆಯ ಜಂತಿಗಳಿಗೆ ಎರಡು ಹಗ್ಗ ಇಳಿಬಿಟ್ಟು, ಅವಕ್ಕೆ ತೋಳಿನಷ್ಟು ದಪ್ಪದ ಬಿದಿರು ಗಳವೊಂದನ್ನು ಅಡ್ಡಲಾಗಿ ಕಟ್ಟಿದ್ದರು. ನಮ್ಮ ಕೈಗೆ ಎಟುಕದ ಎತ್ತರ. ಮೂಲೆಯಲ್ಲಿ ಒಂದು ಉದ್ದನೆಯ ಕೋಲು. ಅಜ್ಜಿ ಬಾವಿಯ ಕಟ್ಟೆಯ ಮೇಲೆ ನೀರಾಡಿಸಿ ತಂದ ತನ್ನ ರೇಷ್ಮೆಯ ಸೀರೆಯನ್ನೂ ಅಜ್ಜನ ಮಗುಟವನ್ನೂ ಆ ಕೋಲಿನ ತುದಿಯಿಂದ ಎತ್ತಿ, ಗಳದ ಮೇಲೆ ಹರವಿ, ಸುಕ್ಕು ಬಿಡಿಸುತ್ತಿದ್ದಳು. ಅದು ಮಡಿ. ನಾವು ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ನೀರು, ಮತ್ತೆ ಕೋಲು, ಮೇಲೆ ಬೈಗುಳ. ಅಂಗಳದಲ್ಲಿ ಅಷ್ಟೊಂದು ಬಿಸಿಲು ಬಿದ್ದಿರುವಾಗ ಈ ಕತ್ತಲೆಯಲ್ಲೇಕೆ ಒಣಗಿಸಬೇಕೆಂದು ಒಮ್ಮೆ ಕೇಳಿದ್ದೆ. "ಬಿಸಲು ರೇಷ್ಮೀನ ತಿಂತದ ತಮ್ಮಾ" ಎಂದಷ್ಟೇ ಹೇಳಿ ಅಜ್ಜಿ ಒಳಗೆ ಹೋದಳು. ಅದು ಮುದುಕಿಯರ ಮಾತೆಂದು ನಾನು ಅಂದು ತಿಳಿದೆ. ಅದರ ಅರ್ಥ ನನಗಾಗಲು ಐವತ್ತು ವರ್ಷ ಬೇಕಾಯಿತು. ಒಂದು ಸೀರೆಯ ಬೆಲೆ ತೆರಬೇಕಾಯಿತು.

ಮೊದಲು ಅರಸರ ಮನೆಯ ಕಡೆಗೆ ನೋಡೋಣ. ಪಾರಸಿಯ ರಾಯಭಾರಿ ಅಬ್ದುರ್ ರಜಾಕನು 1443ರಲ್ಲಿ ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯನು ಜೈತೂನಿ ರೇಷ್ಮೆಯ ಅಂಗಿ ತೊಟ್ಟು ಕುಳಿತಿದ್ದನೆಂದು ಬರೆದಿದ್ದಾನೆ. ಜೈತೂನ್ ಎಂಬುದು ಚೀನದ ಒಂದು ಬಂದರಿಗೆ ಅರಬರು ಕೊಟ್ಟಿದ್ದ ಹೆಸರು. ನಾವಾಡುವ ರೇಷ್ಮೆ ಎಂಬ ಮಾತು ಪಾರಸಿಯದು, ಜರಿ ಎಂಬುದೂ ಪಾರಸಿಯದೇ. ಚೀನಾಂಬರವೆಂಬ ಹಳೆಯ ಮಾತು ಸಂಸ್ಕೃತದ ದಾರಿಯಿಂದ ಬಂದದ್ದು. ಈ ಬಟ್ಟೆ ಯಾವ ಯಾವ ದಾರಿ ಹಿಡಿದು ನಮ್ಮಲ್ಲಿಗೆ ಬಂದಿತೆಂಬುದನ್ನು ನಮ್ಮ ನಾಲಗೆಯೇ ಇನ್ನೂ ನೆನಪಿಟ್ಟುಕೊಂಡಿದೆ.

ಇನ್ನು ನೂನಿಜನ ಮಾತು. ಈತ ಪೋರ್ಚುಗೀಸ್ ಕುದುರೆ ವ್ಯಾಪಾರಿ; 1535ರ ಸುಮಾರಿಗೆ ಅಚ್ಯುತರಾಯನ ಆಳ್ವಿಕೆಯನ್ನು ಕಣ್ಣಾರೆ ಕಂಡು ಬರೆದವನು. ರಾಬರ್ಟ್ ಸಿವೆಲ್ 1900ರಲ್ಲಿ ಅವನ ವೃತ್ತಾಂತವನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದ. ಅರಸನ ಉಡುಪು ಜರಿ ಕೆಲಸದ ನವುರಾದ ರೇಷ್ಮೆ, ಒಂದೊಂದರ ಬೆಲೆ ಹತ್ತು ಪರ್ದಾವ್ ನಾಣ್ಯ ಎಂದು ಹೇಳಿ ನೂನಿಜ್ ಇನ್ನೊಂದು ಸಂಗತಿಯನ್ನು ಸೇರಿಸುತ್ತಾನೆ: ಅರಸನು ಒಮ್ಮೆ ತೊಟ್ಟ ಉಡುಪನ್ನು ಮತ್ತೊಮ್ಮೆ ತೊಡುತ್ತಿರಲಿಲ್ಲ. ಕಳಚಿದೊಡನೆ ಅದನ್ನು ಅದಕ್ಕೆಂದೇ ನೇಮಿಸಿದ ಅಧಿಕಾರಿಗಳಿಗೆ ಒಪ್ಪಿಸಬೇಕು, ಅವರು ಲೆಕ್ಕ ಇಡಬೇಕು. ಬೇರೆ ಯಾರಿಗೂ ಅದನ್ನು ಕೊಡುವಂತಿಲ್ಲ. ಈ ಭಾಗವನ್ನು ಓದಿದಾಗಲೆಲ್ಲ ನನಗೆ ನಮ್ಮ ಅಜ್ಜಿಯ ನೆನಪಾಗುತ್ತದೆ. ಒಗೆಯುವ, ಒಣಗಿಸುವ ಚಿಂತೆಯೇ ಇಲ್ಲದ ರೇಷ್ಮೆ ಅರಸನದು; ಮದುವೆಯಲ್ಲಿ ಬಂದ ಒಂದನ್ನೇ ಮುಪ್ಪಿನವರೆಗೂ ಉಡಬೇಕಾದ ರೇಷ್ಮೆ ಅಜ್ಜಿಯದು. ರೇಷ್ಮೆಯನ್ನು ಉಳಿಸಿಕೊಳ್ಳುವ ವಿದ್ಯೆ ಅರಮನೆಯಲ್ಲಿ ಬೆಳೆಯಬೇಕಾದ ಅಗತ್ಯವಿರಲಿಲ್ಲ. ಅದು ಬಡ ನಡುಮನೆಗಳಲ್ಲಿ ಬೆಳೆಯಿತು. ವಿಜಯನಗರದ ಕಾಲದವರು ಉಟ್ಟ ಬಟ್ಟೆಯ ಅಂದವನ್ನು ಇಂದು ನಾವು ಲೇಪಾಕ್ಷಿಯ ಗುಡಿಯ ಚಿತ್ರಗಳಲ್ಲಿ ಕಾಣಬೇಕು. ಅಜ್ಜಿಯ ಸೀರೆ ಮಾತ್ರ ಪೆಟ್ಟಿಗೆಯಲ್ಲಿ ಸಿಕ್ಕೀತು.

ಕೊಪ್ಪಳದ ಕೋಟೆ ಹತ್ತಿದವರಿಗೆ ಇನ್ನೊಂದು ಕಥೆ ಗೊತ್ತು. 1786ರಲ್ಲಿ ಟಿಪ್ಪು ಸುಲ್ತಾನನು ಈ ಕೋಟೆಯನ್ನು ಪಾಳೆಯಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳಿಂದ ಭದ್ರಪಡಿಸಿದ. ಅದೇ ಕಾಲದ ಅವನ ಪತ್ರಗಳಲ್ಲಿ ಬಂಗಾಳದಿಂದ ರೇಷ್ಮೆಹುಳು ತರಿಸುವ, ಅವನ್ನು ಎಲ್ಲಿ ಹೇಗೆ ಸಾಕಬೇಕೆಂಬ ಚಿಂತೆಯೂ ಕಾಣುತ್ತದೆ. ಕೋಟೆ 1790ರಲ್ಲಿ ಇಂಗ್ಲಿಷರ ಮತ್ತು ನಿಜಾಮನ ಸೈನ್ಯಗಳ ಮುತ್ತಿಗೆಗೆ ಒಳಗಾಯಿತು. ಹುಳು ಮಾತ್ರ ಮೈಸೂರು ಸೀಮೆಯಲ್ಲಿ ಬಾಳಿಕೊಂಡಿತು. 1912ರಲ್ಲಿ ಮೈಸೂರಿನಲ್ಲಿ ಸರ್ಕಾರದ ರೇಷ್ಮೆ ನೇಯ್ಗೆಯ ಕಾರ್ಖಾನೆ ಎದ್ದಿತು. ಕಲ್ಲು ಸೋತು ನೂಲು ಗೆದ್ದ ಕಥೆಯಿದು.

ನಮ್ಮ ಭಾಗದ ರೇಷ್ಮೆಯ ಮುಖ್ಯ ರೂಪವೆಂದರೆ ಇಳಕಲ್ ಸೀರೆ. ಇಳಕಲ್ಲು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ ಮಗ್ಗಕ್ಕೆ ಜಿಲ್ಲೆಯ ಗಡಿ ಗೊತ್ತಿಲ್ಲ. ಕುಷ್ಟಗಿ ತಾಲೂಕಿನ ದೋಟಿಹಾಳ, ಹನುಮಸಾಗರಗಳಲ್ಲಿಯೂ ಆ ಸೀರೆಯ ಮಗ್ಗಗಳ ಸದ್ದಿದೆ. ಈ ಸೀರೆಯ ರಚನೆಯನ್ನು ತಿಳಿಯದೆ ಅದನ್ನು ಒಣಗಿಸಬಾರದು. ಹಳೆಯ ಪದ್ಧತಿಯ ಇಳಕಲ್ಲಿನಲ್ಲಿ ಮೈಯ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕುಣಿಕೆಯಾಗಿ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಎಂದು ಹೆಸರು. ಪ್ರತಿ ಸೀರೆಗೂ ಇದನ್ನು ಹೊಸದಾಗಿ ಮಾಡಬೇಕು. ಸೆರಗಿನ ಕೆಂಪಿನ ನಡುವೆ ಬಿಳಿಯ ಪಟ್ಟಿಗಳು. ಅವುಗಳಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಯ ಆಕಾರಗಳು. ಹೊಲ, ಮನೆ, ಕೋಟೆಗಳೆಲ್ಲವೂ ಒಂದು ಸೆರಗಿನಲ್ಲಿ ನೆಲೆಸಿದಂತೆ.

ನನ್ನ ತಾಯಿಯ ಮದುವೆಯ ಸೀರೆ ಅಂಥದೊಂದು. ಆಕೆ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂದಿತು. ನಿವೃತ್ತನಾಗಿ ಕೊಪ್ಪಳದಲ್ಲಿ ತಾರಸಿಯ ಹೊಸ ಮನೆ ಕಟ್ಟಿಸಿದ್ದೆ. ಚೈತ್ರದ ಒಂದು ದಿನ ಪೆಟ್ಟಿಗೆಯಿಂದ ಸೀರೆ ತೆಗೆದೆ, ಮುಗ್ಗಲು ವಾಸನೆ. ನಾನೇ ಒಗೆಯುತ್ತೇನೆಂದು ಹೊರಟೆ. ಕೊಳವೆಬಾವಿಯ ಗಡಸು ನೀರು, ದಿನಬಳಕೆಯ ಸಾಬೂನಿನ ಪುಡಿ. ಕೈಲಾದಷ್ಟು ಬಲವಾಗಿ ಹಿಂಡಿದೆ. ತಾರಸಿಯ ಮೇಲಿನ ತಂತಿಗೆ ಸೆರಗಿನ ಕಡೆಯಿಂದ ಚಿಮುಟ ಹಾಕಿ, ಸೀರೆಯನ್ನೆಲ್ಲ ಕೆಳಕ್ಕೆ ಇಳಿಬಿಟ್ಟು, ತಾಯಿಯ ಸೇವೆ ಮಾಡಿದೆನೆಂಬ ತೃಪ್ತಿಯಿಂದ ಊಟಕ್ಕಿಳಿದೆ. ನಮ್ಮ ಕಡೆಯ ಚೈತ್ರದ ಮಧ್ಯಾಹ್ನ ಹೇಗಿರುತ್ತದೆಂದು ಕೇಳುಗರಿಗೆ ಬಣ್ಣಿಸಬೇಕಿಲ್ಲ. ಸಂಜೆ ಮೇಲೆ ಹೋಗಿ ನೋಡಿದರೆ ಬಿಳಿಯ ಪಟ್ಟಿಗಳಿಗೆ ಕೆಂಪು ಇಳಿದು ಅವು ಮಾಸಲು ಗುಲಾಬಿಯಾಗಿದ್ದವು. ತಂತಿ ತಗುಲಿದಲ್ಲಿ ಕಂದು ಗೆರೆ. ಮೈಯೂ ಸೆರಗೂ ಕೂಡುವ ಕೊಂಡಿಯ ಸಾಲು ನಾಲ್ಕು ಕಡೆ ಬಿಟ್ಟುಕೊಂಡಿತ್ತು. ಅಜ್ಜಿಯ ಮಾತು ಅಂದು ಕಿವಿಯಲ್ಲಿ ಮೊಳಗಿತು.

ಸೀರೆಯನ್ನು ಕಟ್ಟಿಕೊಂಡು ದೋಟಿಹಾಳಕ್ಕೆ ಹೋದೆ. ಮಗ್ಗದ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ಹಿರಿಯಳೊಬ್ಬಳು ಅದನ್ನು ಮಡಿಲಲ್ಲಿ ಹಾಸಿಕೊಂಡು, ಕೊಂಡಿಯ ಮೇಲೆ ಬೆರಳಾಡಿಸಿ ಹೇಳಿದಳು: "ಇದು ವಯಸ್ಸಾದ ಸೀರಿ ಐತ್ರಿ ಸರ. ಮುದುಕೀನ ಕೈ ಹಿಡಿದು ನಡಸಬೇಕ್ರಿ, ಜಗ್ಗಬಾರದು." ಹತ್ತಿಯ ಮೈ ನೀರು ಕುಡಿದು ಎಷ್ಟು ಭಾರವಾಗುತ್ತದೆಂದೂ ಅಷ್ಟು ಭಾರವನ್ನೂ ಹಸಿ ಸೆರಗಿನ ಮೇಲೆ ಹೊರಿಸಬಾರದೆಂದೂ ಆಕೆ ನನಗೆ ಪಾಠ ಹೇಳಿದಳು. ಮನೆಗೆ ಬಂದು ನೂಲಿನ ಶಾಸ್ತ್ರದ ಪುಸ್ತಕಗಳನ್ನು ತೆರೆದರೆ ಅವೂ ಅದನ್ನೇ ಹೇಳಿದವು. ಹತ್ತಿ ನೆನೆದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ರೇಷ್ಮೆ ನೆನೆದಾಗ ತನ್ನ ಬಲದಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತದೆ. ಅಂಚಿನಲ್ಲಿ ಕೃತಕ ರೇಷ್ಮೆ ಬೆರೆತಿದ್ದರೆ ಅದು ನೆನೆದಾಗ ಅರ್ಧದಷ್ಟು ಬಲವನ್ನೇ ಬಿಟ್ಟುಕೊಡುತ್ತದೆ. ಒಂದೇ ಸೀರೆಯಲ್ಲಿ ಎರಡು ಮೂರು ಸ್ವಭಾವಗಳು. ಒಣಗಿಸುವವರು ಅವುಗಳಲ್ಲಿ ಅತ್ಯಂತ ಮೃದುವಾದುದರ ಮನಸ್ಸು ಹಿಡಿಯಬೇಕು.

ಬಿಸಿಲು ರೇಷ್ಮೆಯನ್ನು ತಿನ್ನುತ್ತದೆಂಬ ಮಾತಿಗೂ ಅರ್ಥವಿದೆ. ಹುಳು ನೂಲುವ ಎಳೆಯಲ್ಲಿ ಒಳಗಿರುವುದು ಫೈಬ್ರೋಯಿನ್, ಅದರ ಹೊರಗಿನ ಅಂಟು ಸೆರಿಸಿನ್. ಎರಡೂ ಪ್ರೋಟೀನುಗಳು, ನಮ್ಮ ಕೂದಲಿನ ದೂರದ ನೆಂಟರು. ಅಂಟನ್ನು ಕುದಿಸಿ ತೆಗೆದ ಮೇಲೆಯೇ ರೇಷ್ಮೆಗೆ ಹೊಳಪು, ನವಿರು. ಉಳಿದ ಫೈಬ್ರೋಯಿನ್ನಿನಲ್ಲಿರುವ ಟೈರೋಸಿನ್, ಟ್ರಿಪ್ಟೊಫ್ಯಾನ್ ಎಂಬ ಘಟಕಗಳು ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿಕೊಂಡು ಕೆಡುತ್ತವೆ. ಬಿಳಿ ರೇಷ್ಮೆ ಹಳದಿಯಾಗುವುದು, ಬಣ್ಣದ ರೇಷ್ಮೆ ಮಾಸುವುದು, ಎಳೆ ಪೆಡಸಾಗಿ ಮುರಿಯುವುದು ಇದರಿಂದಲೇ. ಬೆವರೂ ಕ್ಷಾರವೂ ಈ ಕೇಡಿಗೆ ಕೈಜೋಡಿಸುತ್ತವೆ.

ಈ ತಿಳಿವು ನಮ್ಮಲ್ಲಿ ಹಳೆಯದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಯಾವ ಬಟ್ಟೆಯನ್ನು ಯಾವುದರಿಂದ ತೊಳೆಯಬೇಕೆಂಬ ಶ್ಲೋಕವೊಂದಿದೆ. ಕೌಶೇಯಕ್ಕೂ ಉಣ್ಣೆಗೂ ಸವಳು ಮಣ್ಣು, ಕಂಬಳಿಗೆ ಅಂಟುವಾಳ, ನವಿರಾದ ಅಂಶುಪಟ್ಟಕ್ಕೆ ಬಿಲ್ವದ ಕಾಯಿ, ನಾರುಬಟ್ಟೆಗೆ ಬಿಳಿಸಾಸಿವೆ, ಹೀಗೆ. ಒಂದೊಂದು ನೂಲಿಗೂ ಒಂದೊಂದು ಉಪಚಾರವೆಂಬ ವಿವೇಕ ಅಲ್ಲಿದೆ. ಆದರೆ ಒಣಗಿಸುವ ಮಾತು ಆ ಶ್ಲೋಕದಲ್ಲಿಲ್ಲ. ಅದನ್ನು ಪೂರ್ಣಗೊಳಿಸಿದವರು ನಮ್ಮ ಮನೆಯ ಹೆಂಗಸರು. ಜಪಾನಿನ ನಾರಾ ನಗರದ ತೋದಾಯ್‌ಜಿ ವಿಹಾರದಲ್ಲಿ ಶೋಸೋಇನ್ ಎಂಬ ಮರದ ಭಂಡಾರವಿದೆ. 756ರಲ್ಲಿ ಶೋಮು ಚಕ್ರವರ್ತಿ ತೀರಿಕೊಂಡಾಗ ಅವನ ರಾಣಿ ಒಪ್ಪಿಸಿದ ವಸ್ತುಗಳ ಜೊತೆಗೆ ಅಂದಿನ ರೇಷ್ಮೆಯೂ ಅಲ್ಲಿ ಸಾವಿರದ ಇನ್ನೂರು ವರ್ಷ ಉಳಿದು ಬಂದಿತು. ಉಳಿಸಿದ್ದು ಮಂತ್ರವಲ್ಲ, ನೆಲದ ತೇವ ತಾಗದಂತೆ ಎತ್ತರದಲ್ಲಿ ಕಟ್ಟಿದ ಮನೆ, ಮರದ ಪೆಟ್ಟಿಗೆ, ಕತ್ತಲೆ, ಶರತ್ಕಾಲದಲ್ಲೊಮ್ಮೆ ತೆರೆದು ಗಾಳಿಯಾಡಿಸುವ ನೇಮ. ನಮ್ಮ ನಡುಮನೆಯ ಗಳವೂ ಅದೇ ಶಾಸ್ತ್ರದ್ದು. ಎತ್ತರ, ನೆರಳು, ಗಾಳಿ. ದಪ್ಪ ಬಿದಿರಾದ್ದರಿಂದ ಗೆರೆ ಬೀಳದು, ತುಕ್ಕಿನ ಕಲೆಯೂ ಇಲ್ಲ. ಉದ್ದಕ್ಕೆ ಹರವುವುದರಿಂದ ಭಾರ ಒಂದೇ ಕಡೆ ಬೀಳದು. ಹತ್ತಾರು ಕೈಗಳ ಬೆವರೂ ಎಣ್ಣೆಯೂ ತಾಗವು.

ಇಲ್ಲಿಯವರೆಗೆ ಹೇಳಿದ್ದು ಹೆಮ್ಮೆಯ ಮಾತು. ಇನ್ನು ಇನ್ನೊಂದು ಮಾತನ್ನೂ ಹೇಳಬೇಕು.

ಮಡಿ ಎಂಬುದು ಅಚ್ಚಗನ್ನಡ ಮಾತು. ಮೂಲದಲ್ಲಿ ಅದರ ಅರ್ಥ ಒಗೆದ, ಶುಭ್ರವಾದ ಬಟ್ಟೆ ಎಂದಷ್ಟೇ. ಅದನ್ನು ಶುಭ್ರಗೊಳಿಸುವವನು ಮಡಿವಾಳ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯನು ಆ ಕಾಯಕದ ಹೆಸರನ್ನೇ ತನ್ನ ಹೆಸರಿನ ಮುಂದಿಟ್ಟುಕೊಂಡು ತಲೆಯೆತ್ತಿ ನಿಂತವನು. ಬಟ್ಟೆಗೆ ಮಡಿಯನ್ನು ಕೊಟ್ಟವನ ಹೆಸರಿನಿಂದಲೇ ಹುಟ್ಟಿದಂತಿರುವ ಈ ಮಾತು ಮುಂದೆ ಅವನನ್ನೇ ಹೊಸ್ತಿಲಾಚೆ ನಿಲ್ಲಿಸುವ ಮಾತಾಯಿತು. ಇದಕ್ಕಿಂತ ದೊಡ್ಡ ಅರ್ಥಾಂತರವನ್ನು ನಾನು ಕನ್ನಡದಲ್ಲಿ ಕಂಡಿಲ್ಲ. ತರಗತಿಯಲ್ಲಿ ಶಬ್ದಾರ್ಥ ಹೇಳುವಾಗ ಇದನ್ನು ಎಷ್ಟೋ ಸಲ ಹೇಳಿದ್ದೆ. ಅದರ ಕಾವು ತಾಗಿದ್ದು ದೋಟಿಹಾಳದಲ್ಲಿ.

ಕೊಂಡಿಯನ್ನು ಸೂಜಿಯಿಂದ ಎತ್ತಿ ಕಟ್ಟುತ್ತ ಆ ಹಿರಿಯಳು ತನ್ನ ತಂದೆಯ ಮಾತು ತೆಗೆದಳು. ಅವನು ಸೀರೆಯ ಗಂಟು ಹೊತ್ತು ಊರೂರು ತಿರುಗುತ್ತಿದ್ದನಂತೆ. ಮದುವೆಯ ಮನೆಗಳಲ್ಲಿ ಕೆಲವೆಡೆ ಗಂಟನ್ನು ಹೊರಗಿನ ಕಟ್ಟೆಯ ಮೇಲಿಟ್ಟು ದೂರ ನಿಲ್ಲಬೇಕು. ಒಳಗಿನವರು ಆರಿಸಿಕೊಂಡು ದುಡ್ಡು ಇಡುತ್ತಿದ್ದರು. "ನಮ್ಮ ಕೈಯಾಗ ಹುಟ್ಟಿದ ಸೀರಿನ ರೀ. ಅವರ ಗಳದ ಮ್ಯಾಲ ಹೋದ್ರ ಮುಗೀತು, ನಾವು ಮುಟ್ಟಂಗಿರಲಿಲ್ಲ" ಎಂದು ನಕ್ಕಳು. ದೂರುವ ದನಿಯಿರಲಿಲ್ಲ; ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ನಮ್ಮ ನಡುಮನೆಯ ಗಳ ನೆನಪಾಯಿತು. ಹುಳುವನ್ನು ಕುದಿಸಿ ತೆಗೆದ ನೂಲು ಮಡಿಯಾಗಬಹುದು, ನೇಯ್ದ ಕೈ ಮಡಿಯಾಗದು. ಇದನ್ನು ನಾನು ಬಾಲ್ಯದಲ್ಲಿ ಸಹಜವೆಂದೇ ತಿಳಿದು ಬೆಳೆದಿದ್ದೆ. ಅಜ್ಜಿಯ ಮೇಲಿನ ಪ್ರೀತಿ ಈ ಮಾತನ್ನು ಮುಚ್ಚಬಾರದು.

ನಮ್ಮ ತಲೆಮಾರಿನವರು ಮಡಿಯನ್ನು ಬಿಟ್ಟೆವು, ಬಿಡತಕ್ಕದ್ದೇ ಆಗಿತ್ತು. ಆದರೆ ಬಿಡುವ ಅವಸರದಲ್ಲಿ ಅದರ ಜೊತೆಗಿದ್ದ ನೆರಳನ್ನೂ ಬಿಟ್ಟೆವು. ಗಳ ಕಳಚಿತು, ತಾರಸಿಗೆ ತಂತಿ ಬಂದಿತು. ಮುಟ್ಟಬಾರದೆಂಬ ಕಟ್ಟಳೆಗೂ ಬಿಸಿಲಿಗೆ ಹಾಕಬಾರದೆಂಬ ತಿಳಿವಿಗೂ ಸಂಬಂಧವಿಲ್ಲವೆಂದು ಯಾರೂ ನಮಗೆ ಬಿಡಿಸಿ ಹೇಳಲಿಲ್ಲ. ಅಜ್ಜಿಯಂಥವರಿಗೂ ಅದು ಬಿಡಿಯಾಗಿ ತಿಳಿದಿರಲಿಲ್ಲವೇನೋ. ಜೊಳ್ಳನ್ನು ತೂರುವಾಗ ಕಾಳನ್ನು ಹಿಡಿದುಕೊಳ್ಳುವುದು ಮರದ ಕೆಲಸ; ನಾವು ಮರವನ್ನೇ ಎಸೆದೆವು.

ಆ ಕಾಳು ಯಾವುದೆಂಬುದನ್ನು, ನನ್ನಂತೆ ಸೀರೆ ಕೆಡಿಸಿಕೊಳ್ಳದಿರಲೆಂದು, ನಾಲ್ಕು ಮಾತುಗಳಲ್ಲಿ ಹೇಳುತ್ತೇನೆ. ಹಳೆಯ ರೇಷ್ಮೆಯನ್ನು ಆಗಾಗ ಒಗೆಯಬೇಡಿ. ಉಟ್ಟು ಬಿಚ್ಚಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರವಿದರೆ ಎಷ್ಟೋ ಸಲ ಅಷ್ಟೇ ಸಾಕು. ಒಗೆಯಲೇಬೇಕಾದರೆ ಮೊದಲು ಒಳಗಿನ ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿಯ ಬಟ್ಟೆಯಿಂದ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿ. ಬಿಟ್ಟರೆ ಆ ಕೆಲಸ ಬಲ್ಲವರಿಗೆ ಒಪ್ಪಿಸಿ. ನೀರು ತಣ್ಣಗಿರಲಿ, ಸಿಹಿಯಾಗಿರಲಿ. ಯಲಬುರ್ಗಾ, ಕುಷ್ಟಗಿಗಳ ಸವಳು ನೀರು ಬೇಡ. ಸೋಡಾ ಬೆರೆತ ಪುಡಿಯಂತೂ ಬೇಡವೇ ಬೇಡ. ಹಿಂಡದೆ, ತಿರುಚದೆ, ದಪ್ಪನೆಯ ಹತ್ತಿಯ ಪಂಚೆಯ ಮೇಲೆ ಹಾಸಿ ಸುರುಳಿ ಸುತ್ತಿ ಮೆತ್ತಗೆ ಒತ್ತಿದರೆ ನೀರನ್ನು ಪಂಚೆಯೇ ಕುಡಿಯುತ್ತದೆ. ಬಳಿಕ ತಡಮಾಡದೆ ಬಿಡಿಸಿ ಹರವಬೇಕು. ಒದ್ದೆಯಾಗಿ ಮುದ್ದೆಯಾಗಿ ಬಿದ್ದಿರುವಾಗಲೇ ಒಂದು ಬಣ್ಣ ಇನ್ನೊಂದಕ್ಕೆ ಇಳಿಯುವುದು. ಕೆಂಪು ಬಿಳಿಗಳ ನಡುವೆ ತೆಳ್ಳನೆಯ ಬಿಳಿಬಟ್ಟೆ ಇಡುವುದು ಲೇಸು. ಗಳ ದಪ್ಪವಾಗಿರಲಿ, ಭಾರವನ್ನು ಹತ್ತಿಯ ಮೈ ಹೊರಲಿ, ಸೆರಗು ಸುಮ್ಮನೆ ಒರಗಿರಲಿ. ತೀರ ಹಳೆಯದಾದರೆ ತೂಗುಹಾಕದೆ ಚಾಪೆಯ ಮೇಲೆ ಬಟ್ಟೆ ಹಾಸಿ ಮಲಗಿಸಿಯೇ ಆರಿಸಬೇಕು.

ನೆರಳೆಂದರೆ ಮುಗ್ಗಲಲ್ಲ ಎಂಬುದನ್ನೂ ಮರೆಯಬಾರದು. ಯಲಬುರ್ಗಾದ ಒಣಗಾಳಿಯಲ್ಲಿ ಒಂದು ರಾತ್ರಿಗೆ ಆರುವ ಸೀರೆ, ಎಡದಂಡೆ ಕಾಲುವೆಯ ಗಂಗಾವತಿಯ ಗದ್ದೆಗಳ ನಡುವೆ ಮಳೆಗಾಲದಲ್ಲಿ ಎರಡು ದಿನ ಹಿಡಿದೀತು. ಅಲ್ಲಿ ಬಾಗಿಲು ಕಿಟಕಿ ತೆರೆದಿಡಿ, ಫ್ಯಾನು ಹಾಕಿ. ಬಿಸಿಗಾಳಿಯ ಯಂತ್ರ ಬೇಡ. ಪೂರ್ತಿ ಆರಿದ ಮೇಲೆಯೇ ಹಳೆಯ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಬೇಕು. ವರ್ಷಕ್ಕೆ ಎರಡು ಸಲವಾದರೂ ಮಡಿಕೆಯ ಜಾಗ ಬದಲಿಸಬೇಕು. ಒಂದೇ ಗೆರೆಯಲ್ಲಿ ಮಡಿಸಿಟ್ಟ ಜರಿ ಅಲ್ಲಿಯೇ ಮುರಿಯುತ್ತದೆ. ನಮ್ಮ ಅಜ್ಜಿ ಮಳೆಗಾಲ ಕಳೆದು ನವರಾತ್ರಿ ಬರುವ ಮುನ್ನ ಪೆಟ್ಟಿಗೆ ತೆರೆದು ಎಲ್ಲವನ್ನೂ ಗಳಕ್ಕೇರಿಸುತ್ತಿದ್ದಳು. ನಾರಾದ ಭಂಡಾರಿಗಳ ಋತುವೂ ಅದೇ ಎಂಬುದನ್ನು ಆಕೆ ಅರಿಯಳು.

ಈಗ ನಮ್ಮ ಹೊಸ ಮನೆಯ ಒಳಪಡಸಾಲೆಯಲ್ಲಿ ಒಂದು ಬಿದಿರು ಗಳ ತೂಗಿಸಿದ್ದೇನೆ. ಎತ್ತರದಲ್ಲಿ ಮಾತ್ರ ಒಂದು ಬದಲಾವಣೆ: ಅದು ಎಲ್ಲರ ಕೈಗೂ ಎಟುಕುತ್ತದೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳೂ ಸೊಸೆಯೂ ಸೇರಿ ಸೀರೆ ಹರವುತ್ತಾರೆ, ಕೋಲಿಲ್ಲ. ದೋಟಿಹಾಳದ ಹಿರಿಯಳು ಒಮ್ಮೆ ಮಗನೊಡನೆ ಕೊಪ್ಪಳಕ್ಕೆ ಬಂದವಳು ನಮ್ಮಲ್ಲಿಗೂ ಬಂದಿದ್ದಳು. ಗಳದ ಮೇಲೆ ತಾಯಿಯ ಸೀರೆಯಿತ್ತು. ಬಿಳಿಯ ಪಟ್ಟಿಗೆ ಇಳಿದ ಕೆಂಪು ಹೋಗಿಲ್ಲ, ಹೋಗುವುದೂ ಇಲ್ಲ. ಆಕೆ ಯಾರನ್ನೂ ಕೇಳದೆ ಹತ್ತಿರ ಹೋಗಿ, ತಾನು ಕಟ್ಟಿದ ಕೊಂಡಿಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿ, ಸೆರಗಿನ ಒಂದು ಸುಕ್ಕನ್ನು ಬಿಡಿಸಿದಳು. ಸೀರೆ ನೆರಳಿನಲ್ಲಿ ಆರುತ್ತಿತ್ತು.